ಅಪ್ಪನ ಬಾಗಿಲ ನಡೆ

ನಾನು ಚಿಕ್ಕವಳಿದ್ದಾಗ ಶ್ರೀರಂಗಪಟ್ಟಣದ ಕೋಟೆ ಬಾಗಿಲು ನಮ್ಮಪ್ಪನ ಕೈಸನ್ನೆಗೇ ತೆರೆದುಕೊಳ್ಳುತ್ತದೆ ಎಂದು ನಂಬಿಕೊಂಡಿದ್ದೆ. ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. ಮೂಡಲಲ್ಲಿ ಕರಿಘಟ್ಟದ ಬೆನ್ನು ಕೆಂಪಾಗುವ ಹೊತ್ತಿಗೆ ಅಪ್ಪ ಬಾಗಿಲ ಮೇಲಿನ ನಗಾರಿಖಾನೆಯಲ್ಲಿ ನಿಂತು ಹೆಗಲ ಮೇಲಿನ ಬಿಳಿಯ ವಲ್ಲಿಯ ಚುಂಗನ್ನು ಮೇಲೆತ್ತುತ್ತಿದ್ದ. ಎಡಗಡೆಯ ಮಂಟಪದಲ್ಲಿ ನಾಗಸ್ವರಗಳು ಏಳುತ್ತಿದ್ದವು. ಬಲಗಡೆಯ ಮಂಟಪದಲ್ಲಿ ನಗಾರಿ ಗುಡುಗುತ್ತಿತ್ತು. ಆಮೇಲೆ ಕೆಳಗೆ ಕಬ್ಬಿಣದ ಅಗುಳಿ ಸರಿಯುವ ಸದ್ದು. ಹಾಲಿನ ಕೊಡ ಹೊತ್ತ ಹೆಂಗಸರು, ಸೊಪ್ಪು ತುಂಬಿದ ಗಾಡಿಗಳು, ಹೊಳೆಯ ಒದ್ದೆ ಮಣ್ಣಿನ ವಾಸನೆ ಎಲ್ಲ ಒಟ್ಟಿಗೇ ಒಳಗೆ ಬರುತ್ತಿದ್ದವು. ಅಪ್ಪನ ಕೈ ಏಳದಿದ್ದರೆ ಪಟ್ಟಣಕ್ಕೆ ಬೆಳಗಾಗುವುದಿಲ್ಲ ಎಂದು ನಾನು ಅಕ್ಕನಿಗೆ ಹೇಳುತ್ತಿದ್ದೆ. ಅಕ್ಕ ನನ್ನ ತಲೆಗೆ ಮೊಟಕಿ, "ಬೆಳಗಾಗೋದು ಸೂರ್ಯನಿಂದ ಕಣೇ ಗೂಬೆ" ಎನ್ನುತ್ತಿದ್ದಳು.

ನಮ್ಮದು ಓಲಗದ ಮನೆತನ. ಅಪ್ಪನ ತಾತ ನಾಗಮಂಗಲದ ಸೀಮೆಯಲ್ಲಿ ಗುಡಿಗುಡಿಗೂ ಹೋಗಿ ನಾಗಸ್ವರ ಊದುತ್ತಿದ್ದನಂತೆ. ಅಪ್ಪನ ಅಪ್ಪ ಅಲ್ಲಿಂದ ಪಟ್ಟಣಕ್ಕೆ ಬಂದು ಕೋಟೆಯ ಚಾಕರಿಗೆ ಸೇರಿದ. ಸಂತೆಬಾಚಹಳ್ಳಿಯ ಸಂತೆಗೆ ಬರುತ್ತಿದ್ದ ಬಡಗಿಯೊಬ್ಬ ಕೆತ್ತಿಕೊಟ್ಟ ಅವನ ನಾಗಸ್ವರ ನಮ್ಮ ಮನೆಯಲ್ಲಿತ್ತು. ಕೈಬೆವರು ಕುಡಿದು ಕುಡಿದು ಅದು ಹುಣಿಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ಊದುವುದಕ್ಕೆಂದು ಕಟ್ಟಿದ ಒಂದು ಪೂರ್ತಿ ಸ್ವರದ ಸಾಲಿಗೆ ನಮ್ಮ ಮನೆಯಲ್ಲಿ 'ನಡೆ' ಎನ್ನುತ್ತಿದ್ದರು. ಮನೆಯ ಯಜಮಾನನಾದವನು ತನ್ನ ಬದುಕಿನಲ್ಲಿ ಒಂದೇ ಒಂದು ನಡೆಯನ್ನು ಕಟ್ಟಬೇಕು. ಅವನು ತೀರಿಕೊಂಡಾಗ ಅದನ್ನೇ ಊದಿಕೊಂಡು ಅವನನ್ನು ಮಣ್ಣಿಗೆ ಒಯ್ಯಬೇಕು. ಇದು ನಮ್ಮ ಕಟ್ಟಳೆ.

ಅಪ್ಪ ಕಟ್ಟಿದ್ದು ಬಾಗಿಲ ನಡೆ. ಅದು ಒಂದು ದಿನಕ್ಕೆ ಹುಟ್ಟಿದ್ದಲ್ಲ. ನಾನು ಹುಟ್ಟುವುದಕ್ಕೆ ಮುಂಚೆ ಶುರುವಾಗಿ, ನಾನು ನಡೆಯುವುದನ್ನು ಕಲಿತ ಮೇಲೆ ಮುಗಿದದ್ದು. ಉಣ್ಣಲು ಕೂತರೆ ಅಪ್ಪನ ಬೆರಳುಗಳು ತಣಿಗೆಯ ಅಂಚಿನ ಮೇಲೆ ಓಡಾಡುತ್ತಿದ್ದವಂತೆ. ಅವ್ವ ರೇಗಿ, "ಸ್ವರ ಆರಾಕಿಲ್ಲ, ಮುದ್ದೆ ಆರ್ತದೆ. ಮೊದ್ಲು ಉಣ್ಣು" ಎನ್ನುತ್ತಿದ್ದಳಂತೆ. ಆ ನಡೆಯ ನಟ್ಟನಡುವೆ ಒಂದು ಉದ್ದನೆಯ ಸ್ವರವಿತ್ತು. ಅಪ್ಪನ ಇಬ್ಬರು ತಮ್ಮಂದಿರಲ್ಲಿ ದೊಡ್ಡ ಚಿಕ್ಕಪ್ಪ ಅದೊಂದೇ ಸ್ವರವನ್ನು ಉಸಿರು ಕಡಿಯದೆ ಹಿಡಿದುಕೊಂಡು ನಿಲ್ಲಬೇಕು. ಸಣ್ಣ ಚಿಕ್ಕಪ್ಪ ಅದರ ಮೇಲೆ ಮೆಲ್ಲಗೆ ಹತ್ತಿಹೋಗಬೇಕು. ಭಾರದ ಬಾಗಿಲೊಂದು ಒಂದೊಂದೇ ಅಂಗುಲ ತೆರೆದ ಹಾಗೆ ಕೇಳುತ್ತಿತ್ತು. ಆ ಹೊತ್ತಿಗೆ ದೊಡ್ಡ ಚಿಕ್ಕಪ್ಪನ ಕೆನ್ನೆಗಳು ಬೂದುಗುಂಬಳದ ಹಾಗೆ ಉಬ್ಬಿ, ಕಣ್ಣುಗಳು ಒಳಗೆ ಹೂತುಹೋಗುತ್ತಿದ್ದವು. ನಾನೂ ಅಕ್ಕನೂ ಮನೆಯಲ್ಲಿ ಹಾಗೆ ಕೆನ್ನೆ ಉಬ್ಬಿಸಿ ಅಣಕಿಸಿ ನಗುತ್ತಿದ್ದೆವು.

ಓಲಗದಲ್ಲಿ ಕೈಯೆತ್ತಿ ನಡೆಸುವವನೊಬ್ಬ ಬೇರೆ ಇರುವುದಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡೇ ನುಡಿಸುತ್ತಾರೆ. ಆದರೆ ಕೋಟೆಯ ಬಾಗಿಲು ಅಗಲವಾದದ್ದು. ಎಡಗಡೆಯವರಿಗೆ ಬಲಗಡೆಯ ಸದ್ದು ತಡವಾಗಿ ಮುಟ್ಟುತ್ತಿತ್ತು, ಗಾಳಿ ಬೀಸಿದರೆ ಮುಟ್ಟುತ್ತಲೇ ಇರಲಿಲ್ಲ. ಎಡಗಡೆ ನಮ್ಮವರು. ಬಲಗಡೆ ಗಂಜಾಮಿನಿಂದ ಬರುತ್ತಿದ್ದ ನಗಾರಿ ಚಾಚಾ ಮತ್ತು ಅವರ ಮಕ್ಕಳು. ಇಬ್ಬರಿಗೂ ಕಾಣುವ ಹಾಗೆ ನಡುವೆ ನಿಂತು ವಲ್ಲಿಯಿಂದ ಸನ್ನೆ ಮಾಡುವುದನ್ನು ಅಪ್ಪನೇ ಶುರುಮಾಡಿದ. ಚುಂಗು ಮೇಲೆದ್ದರೆ ನಾಗಸ್ವರ, ಪಕ್ಕಕ್ಕೆ ಹೊರಳಿದರೆ ನಗಾರಿ, ಅಂಗೈ ಕೆಳಗಾದರೆ ಎಲ್ಲ ಮೆತ್ತಗೆ. "ನಿಮ್ಮಪ್ಪ ವಲ್ಲಿ ಒಗೆಯೋಕೆ ಹಾಕಿದ ದಿನ ನಮಗೆ ರಜಾ ಬೇಟಿ" ಎಂದು ಚಾಚಾ ನನ್ನನ್ನು ನಗಿಸುತ್ತಿದ್ದರು.

ನಮ್ಮ ಮನೆಯಲ್ಲಿ ಕಲಿಯುವವರಿಗೆ ಮೊದಲು ನಾಗಸ್ವರ ಕೊಡುತ್ತಿರಲಿಲ್ಲ. ಬಾಯಿಗಿಡುವ ಪೀಪಿ ಇಲ್ಲದ, ತೂತು ಕೊರೆದ ಬಿದಿರಿನ ಕೊಳವೆಯೊಂದನ್ನು ಕೊಡುತ್ತಿದ್ದರು. ಅದಕ್ಕೆ ಮೂಕಕೋಲು ಎಂದು ಹೆಸರು. ಅದು ಸದ್ದು ಮಾಡುವುದಿಲ್ಲ. ಕಲಿಯುವವನು ಅದರ ಮೇಲೆ ಬರಿಯ ಬೆರಳು ಆಡಿಸಬೇಕು, ಹಿರಿಯರು ಎದುರು ಕೂತು ಬೆರಳನ್ನೇ ನೋಡಿ ತಪ್ಪು ಹಿಡಿಯಬೇಕು. ಬೆರಳು ತಪ್ಪದೆ ನಡೆದ ಮೇಲೆಯೇ ಉಸಿರಿನ ಪಾಠ. ಚಿಕ್ಕಪ್ಪಂದಿರಿಬ್ಬರೂ ಅಪ್ಪನ ಎದುರು ಹೀಗೇ ಕೂತು ಕಲಿತವರು. ಹೆಣ್ಣುಮಕ್ಕಳು ನಾಗಸ್ವರ ಮುಟ್ಟುವ ಹಾಗಿರಲಿಲ್ಲ. ಮೂಕಕೋಲಿಗೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಅದು ನನ್ನ ಮತ್ತು ಅಕ್ಕನ ಆಟದ ಸಾಮಾನಾಯಿತು. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಕಡೆಗಣ್ಣಿನಲ್ಲೇ ನೋಡಿ ಹೇಳುತ್ತಿದ್ದ, "ದೊಡ್ಡದರ ಬೆರಳು ಒಕ್ಕಲುತನಕ್ಕೆ ಸರಿ. ಚಿಕ್ಕದರ ಬೆರಳು ಅರಳೆಣ್ಣೆ ಜಾರ್ದಂಗೆ ಜಾರ್ತವೆ ಕಣವ್ವ." ಅಕ್ಕನಿಗೆ ಸಿಟ್ಟು ಬರುತ್ತಿತ್ತು. ನನಗೆ ಹೊಟ್ಟೆ ತುಂಬುತ್ತಿತ್ತು.

ಆಮೇಲೆ ಮುತ್ತಿಗೆ ಬಂತು. ಅದನ್ನು ನಾನು ಹೆಚ್ಚು ಹೇಳುವುದಿಲ್ಲ ಮಕ್ಕಳೇ, ನೀವು ಉಣ್ಣುವ ಹೊತ್ತು. ಬಿಸಿಲಿಗೆ ಹೊಳೆಯ ನೀರು ಬತ್ತಿ ಬಂಡೆಗಳೆಲ್ಲ ಎದ್ದು ನಿಂತಿದ್ದವು. ಹೊಳೆಯಾಚೆಯಿಂದ ಕುಂಪಣಿಯವರ ತೋಪುಗಳು ಹಗಲೆಲ್ಲ ಕೆಮ್ಮುತ್ತಿದ್ದವು. ಅಷ್ಟರ ನಡುವೆಯೂ ಅಪ್ಪ ದಿನಾ ನಗಾರಿಖಾನೆಗೆ ಹೋಗುತ್ತಿದ್ದ. ಬಾಗಿಲು ತೆರೆಯುತ್ತಿರಲಿಲ್ಲ, ಆದರೂ ನಡೆ ನಡೆಯುತ್ತಿತ್ತು. ಒಂದು ದಿನ ಕೋಟೆಯೊಳಗಿನ ಮದ್ದಿನ ಮನೆ ಸಿಡಿದು ಹಾರಿತು. ನಮ್ಮ ಮನೆಯ ಹಂಚುಗಳು ಒಲೆಯ ಮೇಲಿನ ಸಾರಿಗೆ ಬಿದ್ದವು. ಅಪ್ಪನನ್ನು ಚಿಕ್ಕಪ್ಪಂದಿರು ಹೊತ್ತುಕೊಂಡು ಬಂದರು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಎರಡು ಕಿವಿಗಳಿಂದ ಮಾತ್ರ ದಾರದಷ್ಟು ಸಣ್ಣಗೆ ರಕ್ತ ಇಳಿದು, ಬಿಳಿಯ ವಲ್ಲಿಯ ಅಂಚಿಗೆ ಹತ್ತಿತ್ತು. ಅವ್ವ ಏನೋ ಕೂಗಿದಳು. ಅಪ್ಪ ಅವಳ ಬಾಯನ್ನೇ ನೋಡುತ್ತ, "ಜೋರಾಗಿ ಏಳೇ, ಯಾಕಿಂಗೆ ಪಿಸುಗುಡ್ತೀಯ?" ಎಂದ.

ಪಟ್ಟಣ ಬಿತ್ತು. ಸುಲ್ತಾನರು ಹೋದರು. ಚಾಚಾ ತಮ್ಮ ದೊಡ್ಡ ಮಗನನ್ನು ಕಳೆದುಕೊಂಡರು. ನಾವು ಸಿಕ್ಕಿದ್ದನ್ನು ಕಟ್ಟಿಕೊಂಡು ಅವ್ವನ ತವರು ಕಡೆಯವರಿದ್ದ ಕ್ಯಾತನಹಳ್ಳಿಗೆ ಬಂದೆವು. ಅವರು ಒಕ್ಕಲು ಮಕ್ಕಳು, ಒಳ್ಳೆಯವರು. ಕಬ್ಬಿನ ಗದ್ದೆಯ ಪಕ್ಕದಲ್ಲಿದ್ದ ಆಲೆಮನೆಯನ್ನು ನಮಗೆ ಬಿಟ್ಟುಕೊಟ್ಟರು. ಆ ಕಾಲಕ್ಕೆ ಅದರಲ್ಲಿ ಬೆಲ್ಲ ಕಾಸುತ್ತಿರಲಿಲ್ಲ. ಆದರೂ ಗೋಡೆಗಳಿಂದ ಹಳೆಯ ಪಾಕದ ವಾಸನೆ ಹೋಗಿರಲಿಲ್ಲ. ಎಲ್ಲಿ ಕೂತರೂ ಇರುವೆ ಹತ್ತುತ್ತಿದ್ದವು. ಅಪ್ಪನ ಕಿವಿ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಅವ್ವ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡುತ್ತಲೇ ಇದ್ದಳು.

ದಿನಾ ಬೆಳಗಾಗುವಾಗ ಅಪ್ಪ ಎದ್ದು ಮುಖ ತೊಳೆದು, ವಲ್ಲಿ ಹೊದ್ದು, ಆಲೆಮನೆಯ ಮುಂದಿನ ಚಪ್ಪಡಿಯ ಮೇಲೆ ನಿಲ್ಲುತ್ತಿದ್ದ. ಮೂಕಕೋಲು ಹಿಡಿಸಿ ನನ್ನನ್ನು ಎದುರಿಗೆ ಕೂರಿಸುತ್ತಿದ್ದ. ಅವನ ಕೈ ಏಳುತ್ತಿತ್ತು. ನಾನು ಬಾಗಿಲ ನಡೆಗೆ ಬೆರಳು ಆಡಿಸುತ್ತಿದ್ದೆ. ಸದ್ದೇ ಇಲ್ಲ. ಪಕ್ಕದಲ್ಲಿ ಎಮ್ಮೆ ಮೆಲುಕು ಹಾಕುವುದು ಮಾತ್ರ ಕೇಳುತ್ತಿತ್ತು. ಅಪ್ಪ ಮಾತ್ರ ನನ್ನ ಬೆರಳುಗಳನ್ನು ನೋಡಿಕೊಂಡು ಇಡೀ ನಡೆಯನ್ನು ಕೇಳುತ್ತಿದ್ದ. ಉದ್ದನೆಯ ಸ್ವರ ಬಂದಾಗ ನನ್ನ ಬೆರಳುಗಳು ಒಂದೇ ಕಡೆ ನಿಂತುಬಿಡುತ್ತಿದ್ದವು. ಅಪ್ಪ ಕಣ್ಣು ಮುಚ್ಚುತ್ತಿದ್ದ. ಕಿವಿ ಹೋದ ಮೇಲೆ ಅವನ ಮುಖ ಹಗುರವಾಗುತ್ತಿದ್ದದ್ದು ಆ ಒಂದು ಹೊತ್ತಿನಲ್ಲಿ ಮಾತ್ರ.

ಮುಂಗಾರಿನ ಮೊದಲ ಹನಿಗಳು ಬಿದ್ದ ಮೇಲೆ ಒಂದು ಮಧ್ಯಾಹ್ನ ಪಟ್ಟಣದಿಂದ ಒಬ್ಬ ಮುನ್ಷಿ ಕುದುರೆಯ ಮೇಲೆ ಬಂದ. ಮೊದಲು ಸುಲ್ತಾನರ ಕಚೇರಿಯಲ್ಲಿ ಬರೆಯುತ್ತಿದ್ದವನೇ, ಈಗ ಕುಂಪಣಿಯ ಡೇರೆಯಲ್ಲಿ ಬರೆಯುತ್ತಿದ್ದ. ಹೊಸ ದೊರೆಗಳು ಹಬ್ಬ ಮಾಡುತ್ತಿದ್ದಾರೆ, ಪಟ್ಟಣದ ಹಳೆಯ ನಗಾರಿಖಾನೆಯವರ ಓಲಗ ಆಗಬೇಕೆಂದು ಅಪ್ಪಣೆಯಾಗಿದೆ ಎಂದ. ಅಪ್ಪನಿಗೆ ಕೈಸನ್ನೆಯಲ್ಲಿ ಅಷ್ಟನ್ನು ತಿಳಿಸಿದೆವು. ಅಪ್ಪ ಎದ್ದು ನಿಂತ. "ಬಾಗಿಲ ನಡೆ ಕೇಳ್ಬೇಕಂತಾ ದೊರೆಗೋಳು?" ಎಂದು ದೊಡ್ಡ ದನಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ, ವಲ್ಲಿಯನ್ನು ಸೀಗೆಯಲ್ಲಿ ಒಗೆಯುವಂತೆ ಹೇಳಲು ಅವ್ವನ ಕಡೆ ಹೋದ.

ಮುನ್ಷಿ ದೊಡ್ಡ ಚಿಕ್ಕಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದ. ನಾನು ಅಲ್ಲೇ ಕುದುರೆಗೆ ಕಬ್ಬಿನ ಸೋಗೆ ತಿನ್ನಿಸುತ್ತಿದ್ದೆ. "ದೇಖೋ, ಬಾಗಿಲ ಮೇಲೆ ಊದ್ತಿದ್ರಲ್ಲ, ಅದು ಮಾತ್ರ ನಕ್ಕೋ, ಬೇಡ. ಪೇಟೆಯಲ್ಲಿ ಯಾರೋ ಅದನ್ನ ಗುನುಗಿದ್ದಕ್ಕೆ ಹೆಂಗಸರೆಲ್ಲ ಬೀದಿಗೆ ಬಂದು ಎದೆ ಬಡ್ಕೊಂಡ್ರು. ಸಾಹೇಬರಿಗೆ ಅಳು ಬೇಡ. ಮದುವೆ ಮನೇದು ಏನಾದ್ರೂ ಊದಿ, ಜನ ನಗಲಿ."

"ಅಣ್ಣ ಒಪ್ಪಾಕಿಲ್ಲ ಸೋಮಿ" ಎಂದ ಚಿಕ್ಕಪ್ಪ.

"ಒಪ್ಪದೆ ಇದ್ದರೆ ನೀವು ಇನ್ನೂ ಸುಲ್ತಾನರ ಕಡೆಯವರು ಅಂತಾಯ್ತು. ಅಂಥವರನ್ನ ಎಲ್ಲಿಗೆ ಕಳಿಸ್ತಾರೆ ಅಂತ ನನ್ನ ಬಾಯಲ್ಲಿ ಕೇಳಬೇಡ." ಮುನ್ಷಿ ಕುದುರೆ ಹತ್ತಿದ. ಕುದುರೆಯ ಬಾಯಲ್ಲಿ ನಾನು ಕೊಟ್ಟ ಸೋಗೆ ಇನ್ನೂ ನೇತಾಡುತ್ತಿತ್ತು.

ಅವನು ಹೋದ ಮೇಲೆ ಆಲೆಮನೆಯ ಹಿಂದೆ ಚಿಕ್ಕಪ್ಪಂದಿರಿಬ್ಬರೂ ಮಾತಾಡಿಕೊಂಡರು. ದೊಡ್ಡ ಚಿಕ್ಕಪ್ಪ ನನ್ನನ್ನು ಕರೆದು ಮೊಣಕಾಲೂರಿ ಕೂತ. ಅವನ ತುಟಿಯ ನಡುವೆ ಪೀಪಿ ಒತ್ತಿ ಒತ್ತಿ ಆದ ಒಂದು ಸಣ್ಣ ಕುಳಿ ಇತ್ತು. ಮಾತಾಡುವಾಗ ಅದು ನಡುಗುತ್ತಿತ್ತು.

"ನೋಡವ್ವ, ನಿಮ್ಮಪ್ಪ ನಿನ್ನ ಎದುರ್ಗೇ ಕೂರಿಸ್ಕೊತಾನೆ. ನೀನು ದಿನಾ ಆಡ್ಸೋ ಅಂಗೇ ಬಾಗಿಲ ನಡೆ ಆಡ್ಸು. ನಾವು ಮದ್ವೇದು ಊದ್ಬುಡ್ತೀವಿ. ಅವನು ನಿನ್ನ ನೋಡ್ಕೊಂಡು ನಿಂತಿರ್ತಾನೆ, ನಮ್ಮನ್ನ ನೋಡಾಕಿಲ್ಲ. ಅವನ ನಡೆ ಅವನಿಗಾಯ್ತು, ನಮ್ ಜೀವ ನಮಗಾಯ್ತು."

ಅಕ್ಕ ಬಾವಿಯಿಂದ ಬಿಂದಿಗೆ ಹೊತ್ತು ಬರುತ್ತಿದ್ದವಳು ಅಲ್ಲೇ ನಿಂತಳು. "ಚಿಕ್ಕಪ್ಪ, ನೀವಿಬ್ರೂ ಬೆರಳು ಕಲ್ತಿದ್ದು ಯಾರ ಮುಂದೆ?"

"ನಿಮ್ಮಪ್ಪನ ಮುಂದೇಯ."

"ಯಾವ ಕೋಲ್ನಾಗೆ?"

ಚಿಕ್ಕಪ್ಪ ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದ.

"ಕಿವಿ ಮುಚ್ಕೊಂಡು ಬೆರಳು ಓದೋ ಮನುಷ್ಯನ್ನ ಕಿವಿ ಹೋಗ್ಯದೆ ಅಂತ ಯಾಮಾರಿಸ್ತೀರಾ? ಕುರುಡ್ರು ಯಾರು ಅಂತ ಒಸಿ ನೋಡ್ಕಳಿ." ಅಕ್ಕನ ಬಿಂದಿಗೆಯಿಂದ ನೀರು ತುಳುಕಿ ಅವಳ ಕಾಲ ಮೇಲೆ ಸುರಿಯುತ್ತಿತ್ತು.

"ನಿಂಗೆ ಮದ್ವೆ ಆಗ್ಬೇಕು, ಇವಳು ದೊಡ್ಡೋಳಾಗ್ಬೇಕು" ಎಂದ ಚಿಕ್ಕಪ್ಪ ತಗ್ಗಿದ ದನಿಯಲ್ಲಿ. "ಸತ್ಯ ಏಳಿದ್ರೆ ಅವನು ಬರಾಕಿಲ್ಲ. ಅವನು ಬರ್ದಿದ್ರೆ ನಾವ್ಯಾರೂ ಉಳಿಯಾಕಿಲ್ಲ. ಬುಡು ಮಗ, ನೀನು ಬೇರೆ ಉರಿಗೆ ತುಪ್ಪ ಸುರೀಬ್ಯಾಡ."

ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳಬೇಕೆಂದರೆ ಕೈಸನ್ನೆಯಲ್ಲಿ ಹೇಳಬೇಕು. ಅಂಥ ಮಾತಿಗೆ ನಮ್ಮಲ್ಲಿ ಯಾವ ಸನ್ನೆಯೂ ಇರಲಿಲ್ಲ.

ಹೊರಟ ದಿನ ಮೋಡ ಕಟ್ಟಿತ್ತು. ಅಪ್ಪ ಒಗೆದ ವಲ್ಲಿ ಹೊದ್ದಿದ್ದ. ಅದರ ಅಂಚಿನ ರಕ್ತದ ಕಲೆ ಸೀಗೆಗೂ ಹೋಗದೆ ಗೋರಂಟಿ ಬಣ್ಣದಲ್ಲಿ ಉಳಿದಿತ್ತು. ದಾರಿಯುದ್ದಕ್ಕೂ ಅವನು ಗಟ್ಟಿಯಾಗಿ ಮಾತಾಡುತ್ತಲೇ ಬಂದ. ಕಿವುಡರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಲೋಕಪಾವನಿ ಹೊಳೆಯನ್ನು ದಾಟುವಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. "ಲೇ ತಮ್ಮ, ಉದ್ದನೆ ಸ್ವರಕ್ಕೆ ಉಸಿರು ಇಟ್ಕೊಂಡಿದೀಯೇನ್ಲಾ? ದೊರೆಗೋಳ ಮುಂದೆ ಬಾಗ್ಲು ಅರ್ಧಕ್ಕೆ ನಿಂತ್ಕಂಡ್ರೆ ನಗ್ತಾರೆ" ಎಂದು ಹಿಂದೆ ತಿರುಗಿ ಕೂಗಿದ. ದೊಡ್ಡ ಚಿಕ್ಕಪ್ಪ ತಲೆಯಾಡಿಸಿದ. ಅವನ ಕಣ್ಣು ಹೊಳೆಯ ನೀರಿನ ಮೇಲಿತ್ತು.

ಪಟ್ಟಣ ನಮ್ಮ ಪಟ್ಟಣದ ಹಾಗೆ ಇರಲಿಲ್ಲ. ಬೂದಿ ಒದ್ದೆಯಾದ ವಾಸನೆ ಎಲ್ಲೆಲ್ಲೂ ಇತ್ತು. ನಾವು ಹಾಲು ಕೊಳ್ಳುತ್ತಿದ್ದವಳ ಮನೆಯ ಬಾಗಿಲುವಾಡ ಮಾತ್ರ ನಿಂತಿತ್ತು, ಅದರ ಹಿಂದೆ ಮನೆ ಇರಲಿಲ್ಲ. ನಗಾರಿಖಾನೆಯ ಎಡಗಡೆಯ ಮಂಟಪ ಕುಸಿದಿತ್ತು. ಕೆಳಗಿನ ದೊಡ್ಡ ಬಾಗಿಲ ಒಂದು ರೆಕ್ಕೆಯನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಯಾರೋ ಸಿಪಾಯಿಗಳು ಒದ್ದೆ ಅಂಗಿಗಳನ್ನು ಒಣಹಾಕಿದ್ದರು. ಅಪ್ಪ ಅದನ್ನು ನೋಡಿ ಮಾತು ನಿಲ್ಲಿಸಿದ. ಆಮೇಲೆ ನನ್ನ ಕೈ ಹಿಡಿದು, "ಬಾಗ್ಲಿಲ್ದಿದ್ರೇನು, ನಡೆ ಅದೆಯಲ್ಲ" ಎಂದ. ಆ ಸಲ ಅವನ ದನಿ ಸಣ್ಣದಾಗಿತ್ತು.

ಹೊಳೆಯ ದಡದಲ್ಲಿ ದೊಡ್ಡ ಬಿಳಿಯ ಡೇರೆ ಹಾಕಿದ್ದರು. ಕುರ್ಚಿಗಳಲ್ಲಿ ಕೆಂಪು ಅಂಗಿಯ ದೊರೆಗಳು ಕೂತಿದ್ದರು. ಹಗ್ಗದಾಚೆ ಪೇಟೆಯ ಜನ ನಿಂತಿದ್ದರು. ಕುರಿ ಸುಡುವ ಹೊಗೆ ಕಣ್ಣಿಗೆ ಹತ್ತುತ್ತಿತ್ತು. ನಗಾರಿ ಚಾಚಾ ಆಗಲೇ ಬಂದು ಚರ್ಮಕ್ಕೆ ಕೆಂಡದ ಶಾಖ ಕೊಡುತ್ತಿದ್ದರು. ಅವರಿಗೂ ಮುನ್ಷಿಯ ಅಪ್ಪಣೆ ತಲುಪಿತ್ತು. ಅಪ್ಪನನ್ನು ನೋಡಿ ಎದ್ದು ತಬ್ಬಿಕೊಂಡರು. ಕಿವಿ ಕೇಳದವನ ಭುಜದ ಮೇಲೆ ಮುಖವಿಟ್ಟು, "ಮಾಫ್ ಮಾಡು ಭಾಯಿ" ಎಂದು ಮೆಲ್ಲಗೆ ಹೇಳಿದರು. ಅಪ್ಪ ಅವರ ಮಗನ ಸಾವಿಗೆ ಸಮಾಧಾನ ಮಾಡುವವನಂತೆ ಬೆನ್ನು ತಟ್ಟಿದ.

ಅಪ್ಪ ನಡುವೆ ನಿಂತ. ಚಿಕ್ಕಪ್ಪಂದಿರು ಅವನ ಎಡಕ್ಕೆ, ಚಾಚಾ ಬಲಕ್ಕೆ. ನಾನು ಅವನ ಎದುರಿಗೆ ಚಾಪೆಯ ಮೇಲೆ ಮೂಕಕೋಲು ಹಿಡಿದು ಕೂತೆ. ಒಬ್ಬ ದೊರೆ ನನ್ನ ಕೊಳವೆ ತೋರಿಸಿ ಏನೋ ಅಂದ, ಪಕ್ಕದವನು ನಕ್ಕ. ಅಪ್ಪನ ವಲ್ಲಿಯ ಚುಂಗು ಮೇಲೆದ್ದಿತು.

ನಾಗಸ್ವರ ಎದ್ದಿತು. ಬಾಗಿಲ ನಡೆಯಲ್ಲ. ಮದುವೆ ಮನೆಗಳಲ್ಲಿ ಬೀಗರನ್ನು ಹಂಗಿಸುವಾಗ ಊದುವ, ಕುಣಿಕುಣಿಯುವ ಹಾಡು ಅದು. ಗಂಡಿನ ಕಡೆಯವರ ಹೊಟ್ಟೆಬಾಕತನವನ್ನು ಆಡಿಕೊಳ್ಳುವ ಹಾಡು. ಹಗ್ಗದಾಚೆಯ ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನಗಲಿಲ್ಲ. ನನ್ನ ಬೆರಳುಗಳು ಬಾಗಿಲ ನಡೆಯಲ್ಲಿ ಹೊರಟವು. ಕಿವಿಯಲ್ಲಿ ಒಂದು, ಬೆರಳಲ್ಲಿ ಇನ್ನೊಂದು. ಅಂಥ ಕಷ್ಟ ಹೇಗಿರುತ್ತದೆಂದು ನಿಮಗೆ ಹೇಳಲಾರೆ. ನೀವೆಲ್ಲ ಒಟ್ಟಿಗೆ ಕಿರುಚುವಾಗ ನಾನು ಹೂ ಕಟ್ಟುತ್ತ ಕಟ್ಟುತ್ತ ಎಸಳು ತಪ್ಪುತ್ತೇನಲ್ಲ, ಅದರ ನೂರು ಪಾಲು. ತಪ್ಪಬಾರದೆಂದು ತುಟಿ ಕಚ್ಚಿಕೊಂಡೆ. ಅಪ್ಪ ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಅವನ ಕೈ ಎಂದಿನಂತೆ ನಿಧಾನವಾಗಿ, ಭಾರವಾದದ್ದೊಂದನ್ನು ಎಳೆಯುವ ಹಾಗೆ ಚಲಿಸುತ್ತಿತ್ತು. ಎಡಗಡೆ ಓಲಗ ಕುಣಿಯುತ್ತಿತ್ತು.

ಉದ್ದನೆಯ ಸ್ವರ ಬಂತು. ನನ್ನ ಬೆರಳುಗಳು ನಿಂತವು. ಆ ಜಾಗದಲ್ಲಿ ಅಪ್ಪ ಯಾವಾಗಲೂ ತಮ್ಮನ ಕೆನ್ನೆ ನೋಡಬೇಕು, ಉಸಿರು ಎಷ್ಟು ಉಳಿದಿದೆ ಎಂದು ಅಳೆಯಬೇಕು. ನಗಾರಿಖಾನೆಯ ಅಭ್ಯಾಸ ಅದು. ಅದನ್ನು ನಾವು ಯಾರೂ ನೆನೆಸಿಕೊಂಡಿರಲಿಲ್ಲ. ಅಪ್ಪ ಎಡಕ್ಕೆ ತಿರುಗಿದ.

ಚಿಕ್ಕಪ್ಪನ ಕೆನ್ನೆ ಉಬ್ಬಿರಲಿಲ್ಲ. ಅವನ ಬೆರಳುಗಳು ಕೊಳವೆಯ ಮೇಲೆ ಕುಪ್ಪಳಿಸುತ್ತಿದ್ದವು. ಅಪ್ಪ ಆ ಬೆರಳುಗಳನ್ನು ನೋಡಿದ. ಎರಡನೆಯವನ ಬೆರಳುಗಳನ್ನೂ ನೋಡಿದ. ಅವನಿಗೆ ಓದುವುದಕ್ಕೆ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ವಲ್ಲಿ ಗಾಳಿಯಲ್ಲಿ ಹಾಗೇ ನಿಂತಿತು. ಚಿಕ್ಕಪ್ಪನ ಕಣ್ಣುಗಳಿಂದ ನೀರು ಇಳಿಯಲು ಶುರುವಾಯಿತು. ಆದರೆ ಅವನು ಊದುವುದನ್ನು ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಮುನ್ಷಿ ಕುರ್ಚಿಗಳ ಹಿಂದಿನಿಂದ ಕತ್ತು ಚಾಚಿ ನೋಡುತ್ತಿದ್ದ.

ಅಪ್ಪ ಮತ್ತೆ ನನ್ನ ಕಡೆ ತಿರುಗಿದ. ನನ್ನ ಬೆರಳುಗಳು ಆ ಉದ್ದನೆಯ ಸ್ವರದ ಮೇಲೇ ಇದ್ದವು. ಅವನು ಕೈಯೆತ್ತುವವರೆಗೆ ಅವು ಕದಲುವಂತಿರಲಿಲ್ಲ. ಅವನು ಕೈಯೆತ್ತಿದ. ನಾನು ಹೊರಟೆ.

ಅಲ್ಲಿಂದ ಮುಂದೆ ಅಪ್ಪ ಒಮ್ಮೆಯೂ ಎಡಕ್ಕೆ ನೋಡಲಿಲ್ಲ. ಬೀಗರ ಹಾಡು ಚಿಕ್ಕದು. ಅದು ಮುಗಿಯಿತು. ದೊರೆಗಳು ಚಪ್ಪಾಳೆ ತಟ್ಟಿದರು. ನಾಗಸ್ವರಗಳು ಕೆಳಗಿಳಿದವು. ಆದರೆ ಬಾಗಿಲ ನಡೆ ಇನ್ನೂ ಮುಗಿದಿರಲಿಲ್ಲ, ಅಪ್ಪನ ಕೈ ನಿಲ್ಲಲಿಲ್ಲ. ಸದ್ದಿಲ್ಲದ ಆ ಡೇರೆಯ ಮುಂದೆ ಅವನು ವಲ್ಲಿ ಆಡಿಸುತ್ತ ನಿಂತಿದ್ದ. ಚಪ್ಪಾಳೆ ನಿಂತಿತು. ಕುರ್ಚಿಯಲ್ಲಿದ್ದ ಒಬ್ಬ ಎಳೆಯ ದೊರೆ ಎದ್ದು ತನ್ನ ಕೈವಸ್ತ್ರ ತೆಗೆದು ಅಪ್ಪನ ಹಾಗೇ ಗಾಳಿಯಲ್ಲಿ ಆಡಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುನ್ಷಿಯೂ ನಕ್ಕ. "ಬಸ್, ಮುಗೀತು" ಎಂದು ಚಾಚಾರ ಕಡೆ ಕೈ ಬೀಸಿದ.

ಚಾಚಾ ಅಲುಗಲಿಲ್ಲ. "ಯಜಮಾನರ ಕೈ ಇನ್ನೂ ಇಳಿದಿಲ್ಲ ಸಾಬ್" ಎಂದರು. ನಗಾರಿಯ ಮೇಲೆ ಕೋಲು ಹಾಕದೆ, ಬರಿಯ ಬೆರಳ ತುದಿಯಿಂದ, ಅಪ್ಪನ ವಲ್ಲಿ ತಮ್ಮ ಕಡೆ ಹೊರಳಿದಾಗಲೆಲ್ಲ ಮುಟ್ಟಿದರು. ಆ ನಗುವಿನಲ್ಲಿ ಅದು ಕೇಳಿದ್ದು ಹತ್ತಿರ ಕೂತಿದ್ದ ನನಗೆ ಮಾತ್ರ. ಕೊನೆಯ ಸ್ವರಕ್ಕೆ ನನ್ನ ಬೆರಳುಗಳೆಲ್ಲ ತೂತುಗಳ ಮೇಲೆ ಮುಚ್ಚಿಕೊಂಡವು. ಅಪ್ಪ ಅಂಗೈ ಕೆಳಗೆ ಮಾಡಿದ. ವಲ್ಲಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ.

ಹುಚ್ಚ ಮುದುಕ ಚೆನ್ನಾಗಿ ನಗಿಸಿದ ಎಂದು ಅವರಿಗೆ ಸಂತೋಷವಾಗಿರಬೇಕು. ಒಂದು ಕೆಂಪು ಶಾಲು ತಂದು ಅಪ್ಪನಿಗೆ ಹೊದಿಸಿದರು. ಅಪ್ಪ ಬಾಗಿ ಕೈಮುಗಿದ.

ವಾಪಸು ಬರುವಾಗ ಅವನು ಎಲ್ಲರಿಗಿಂತ ಮುಂದೆ ನಡೆದ. ಲೋಕಪಾವನಿಯ ದಡಕ್ಕೆ ಬಂದಾಗ ನಿಂತು, ಶಾಲು ತೆಗೆದು, ದೊಡ್ಡ ಚಿಕ್ಕಪ್ಪನ ಹೆಗಲಿಗೆ ಹಾಕಿದ. ಅದರ ಮಡಿಕೆಗಳನ್ನು ಮದುಮಗನಿಗೆ ಸರಿಮಾಡುವ ಹಾಗೆ ಸರಿಮಾಡಿದ. "ಊದಿದ್ದು ನಿನ್ ಹಾಡು. ಶಾಲೂ ನಿಂದೇ ಕಣ್ಲಾ" ಎಂದ.

ಚಿಕ್ಕಪ್ಪ ಅಲ್ಲೇ ಮರಳಿನ ಮೇಲೆ ಕುಸಿದು ಅಪ್ಪನ ಕಾಲು ಹಿಡಿದ. "ಮಕ್ಕಳ ಮುಖ ನೋಡಿ ಅಂಗೆ ಮಾಡ್ದೆ ಅಣ್ಣ, ಇನ್ನೇನ್ ಮಾಡ್ಲಿ ಅಣ್ಣ" ಎಂದು ಮತ್ತೆ ಮತ್ತೆ ಹೇಳಿದ. ಅಪ್ಪನಿಗೆ ಅದು ಕೇಳಲಿಲ್ಲ. ಚಿಕ್ಕಪ್ಪನ ಮುಖ ಕೆಳಗಿದ್ದದ್ದರಿಂದ ತುಟಿಯೂ ಕಾಣಲಿಲ್ಲ. ಅಪ್ಪ ಕಾಲು ಬಿಡಿಸಿಕೊಂಡು ನನ್ನನ್ನು ಹೆಗಲಿಗೇರಿಸಿ ನೀರಿಗಿಳಿದ. ಹೊಳೆಯ ನಡುವೆ ನನ್ನ ಪಾದ ಒತ್ತಿ, "ನೀನು ಎಲ್ಲೂ ತಪ್ಪಲಿಲ್ಲ ಮಗ" ಎಂದ. ಅಂಥ ಹೊಗಳಿಕೆಗಾಗಿ ನಾನು ಅಷ್ಟು ದಿನ ಕಾದಿದ್ದೆ. ಸಿಕ್ಕಾಗ ಅದು ಬಾಯಲ್ಲಿ ಹಾಗಲಕಾಯಿಯಾಯಿತು.

ಅಪ್ಪ ಆಮೇಲೆ ಕೈಯೆತ್ತಲಿಲ್ಲ. ಬೆಳಗಿನ ಹೊತ್ತು ಚಪ್ಪಡಿಯ ಮೇಲೆ ನಿಲ್ಲುವುದೂ ನಿಂತಿತು. ಕಬ್ಬಿನ ಗದ್ದೆಗೆ ನೀರು ಕಟ್ಟುವ ಕೆಲಸಕ್ಕೆ ಹೋದ. ಅದನ್ನೂ ಚೆನ್ನಾಗಿಯೇ ಮಾಡಿದ. ಕೈ ಅಡ್ಡ ಮಾಡಿದರೆ ನೀರು ಇತ್ತ, ಕೈ ತೆಗೆದರೆ ಅತ್ತ. ಚಿಕ್ಕಪ್ಪಂದಿರು ಊರೂರು ಅಲೆದು ಮದುವೆಗಳಿಗೆ ಊದಿ ಅಕ್ಕನ ಮದುವೆಯನ್ನೂ ನನ್ನ ಮದುವೆಯನ್ನೂ ಮಾಡಿದರು. ಅವರು ಹೆದರಿ ಉಳಿಸಿದ್ದು ನಮ್ಮನ್ನೇ ಎಂಬುದು ನಿಜ. ನಾನಿಲ್ಲದಿದ್ದರೆ ನೀವೂ ಇಲ್ಲ. ಅದಕ್ಕೇ ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಅಪ್ಪ ತೀರಿಕೊಂಡಾಗ ದೊಡ್ಡ ಚಿಕ್ಕಪ್ಪ ಕಟ್ಟಳೆಯಂತೆ ನಾಗಸ್ವರ ತಂದು ಕೂತ, ಬಾಗಿಲ ನಡೆಗೆ ಪೀಪಿ ಕಚ್ಚಿದ. ಉಸಿರು ಹೊರಡಲಿಲ್ಲ. ನಮ್ಮ ಮನೆತನದಲ್ಲಿ ಓಲಗವಿಲ್ಲದೆ ಮಣ್ಣಿಗೆ ಹೋದ ಯಜಮಾನ ಅಪ್ಪನೊಬ್ಬನೇ.

ಈಗ ನೀವು ಹಿರೋಡೆಯಲ್ಲಿರುವ ಕುಂಪಣಿಯ ದಂಡಿನಲ್ಲಿ ಬ್ಯಾಂಡು ಬಾರಿಸುವ ದಿನ ಉಣ್ಣುವುದನ್ನೂ ಬಿಟ್ಟು ಓಡುತ್ತೀರಿ. ಹಿತ್ತಾಳೆಯ ಕೊಳವೆಗಳು ಬಿಸಿಲಿಗೆ ಹೊಳೆಯುತ್ತವೆ, ಮುಂದೆ ಒಬ್ಬ ಸಣ್ಣ ಕೋಲು ಹಿಡಿದು ಕೈ ಆಡಿಸುತ್ತಾನೆ ಎಂದು ಬಂದು ಹೇಳುತ್ತೀರಿ. ಅವನ ಮುಂದೆ ಕಾಗದ ಇರುತ್ತದಂತೆ, ಹಾಡೆಲ್ಲ ಅದರಲ್ಲೇ ಬರೆದಿರುತ್ತದಂತೆ. ಅವನು ಸತ್ತರೂ ಇನ್ನೊಬ್ಬ ಬಂದು ಕಾಗದ ನೋಡಿ ಅದನ್ನೇ ಬಾರಿಸುತ್ತಾನಂತೆ. ಒಳ್ಳೆಯದು. ಅವನು ಕೈ ಆಡಿಸಿದರೆ ಯಾರೂ ನಗುವುದಿಲ್ಲ ಎಂದೂ ಹೇಳಿದಿರಿ. ಅದೂ ಒಳ್ಳೆಯದೇ.

ಮೂಕಕೋಲು ಇನ್ನೂ ಅಡಿಗೆಮನೆಯ ಸೂರಿನಲ್ಲಿದೆ. ನಿಮ್ಮವ್ವ ಮೊನ್ನೆ ಅದನ್ನು ಊದುಗೊಳವೆ ಅಂದುಕೊಂಡು ಒಲೆ ಊದಿದಳು. ಗಾಳಿಯೆಲ್ಲ ತೂತುಗಳಲ್ಲಿ ಸೋರಿ ಬೆಂಕಿ ಹತ್ತಲಿಲ್ಲ. ಕೆಲಸಕ್ಕೆ ಬಾರದ್ದು ಎಂದು ಬದಿಗೆಸೆದಳು. ನಾನು ಒರೆಸಿ ತೆಗೆದಿಟ್ಟೆ.

ನಿಮ್ಮಲ್ಲಿ ಚಿಕ್ಕವಳು ನಿನ್ನೆ ಬೆಳಗ್ಗೆ ಬೇಗ ಎದ್ದು ಬಂದಳು. ನಾನು ಜಗುಲಿಯ ಮೇಲೆ ಅದನ್ನು ಹಿಡಿದು ಕೂತಿದ್ದೆ. ಬಹಳ ಹೊತ್ತು ನನ್ನ ಬೆರಳುಗಳನ್ನು ನೋಡಿ, "ಏನಜ್ಜಿ ಮಾಡ್ತಾ ಇದೀಯ?" ಎಂದಳು.

"ಕೋಟೆ ಬಾಗ್ಲು ತೆಗೀತಾ ಇದೀನಿ ಕಣವ್ವ. ಕೇಳಿಸ್ತಾ ಅದಾ?"

ಅವಳು ಕೊಳವೆಗೆ ಕಿವಿ ಹಚ್ಚಿದಳು. ನನ್ನ ಬೆರಳುಗಳು ಉದ್ದನೆಯ ಸ್ವರದ ಮೇಲೆ ನಿಂತಿದ್ದವು.

"ಇಲ್ಲ" ಎಂದು ಎದ್ದು ಎಮ್ಮೆಕರುವಿನ ಹಿಂದೆ ಓಡಿದಳು.